ವೈಫೈ ಇದೆ, ಇಂಟರ್ನೆಟ್ ಇಲ್ಲ: ತಪ್ಪು ಮೊಬೈಲಿನದೋ, ಗೋಡೆಯದೋ, ತಂತಿಯದೋ?

ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ಅಡಿಕೆ ತೋಟದ ಇಳಿಜಾರಿಗೆ ತಿರುಗಿದರೆ ನಮ್ಮ ದೊಡ್ಡಮ್ಮನ ಮನೆ. ಮೊಬೈಲ್ ಸಿಗ್ನಲ್ಲಿಗಾಗಿ ಮನೆಮಂದಿಯೆಲ್ಲ ಹಿಂದಿನ ಗುಡ್ಡ ಹತ್ತುತ್ತಿದ್ದ ಕಾಲ ಫೈಬರ್ ಸಂಪರ್ಕ ಬಂದ ಮೇಲೆ ಮುಗಿಯಿತು. ಮುಗಿಯಿತು ಎಂದುಕೊಂಡಿದ್ದಾಗಲೇ, ಕಳೆದ ಆಷಾಢದಲ್ಲಿ ದೊಡ್ಡಮ್ಮ ಫೋನ್ ಮಾಡಿ, “ನಿನ್ನ ವೈಫೈ ಜಗಲಿಯಲ್ಲೇ ಕುಳಿತಿದೆ ಮಾರಾಯ, ಅಡುಗೆಮನೆಗೆ ಕಾಲೇ ಇಡುವುದಿಲ್ಲ. ಅದಕ್ಕೇನು ಮೈಲಿಗೆಯೇ?” ಎಂದು ಕೇಳಿದರು.

ನಾನು ಹೋಗಿ ತಲುಪುವಷ್ಟರಲ್ಲಿ ಅಣ್ಣ ತನಗೆ ತಿಳಿದ ಔಷಧ ಮಾಡಿ ಮುಗಿಸಿದ್ದ. ರೂಟರಿನ ಬೆನ್ನಿನಲ್ಲಿರುವ ಸಣ್ಣ ತೂತಿಗೆ ಪಿನ್ನು ಚುಚ್ಚಿ ಹತ್ತರವರೆಗೆ ಎಣಿಸಿದ್ದ. ಅದು ರೂಟರನ್ನು ಆರಿಸಿ ಹೊತ್ತಿಸುವ ಗುಂಡಿಯಲ್ಲ, ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಒಯ್ಯುವ ಗುಂಡಿ. ವೈಫೈ ಹೆಸರು, ಪಾಸ್‌ವರ್ಡ್, ಸಂಪರ್ಕ ಕೊಟ್ಟವರು ತುಂಬಿಸಿಟ್ಟಿದ್ದ ಲಾಗಿನ್ ಎಲ್ಲವೂ ಅಳಿಸಿಹೋಗಿದ್ದವು. ಅಡುಗೆಮನೆಗೆ ಮಾತ್ರ ಬಾರದಿದ್ದ ಇಂಟರ್ನೆಟ್ ಈಗ ಜಗಲಿಯಲ್ಲೂ ಇರಲಿಲ್ಲ.

ಹಾಗಾಗಿ ಏನನ್ನೂ ಒತ್ತುವ ಮೊದಲು ದೋಷ ಎಲ್ಲಿದೆ ಎಂದು ತಿಳಿಯಿರಿ. ಮನೆಯ ಇಂಟರ್ನೆಟ್ ಮೂರು ಹಾದಿ ದಾಟಿ ಬರುತ್ತದೆ. ಕಂಬದಿಂದ ರೂಟರಿನವರೆಗೆ ತಂತಿ, ರೂಟರಿನಿಂದ ಮೊಬೈಲಿನವರೆಗೆ ಗಾಳಿ ಮತ್ತು ಗೋಡೆ, ಕೊನೆಗೆ ಮೊಬೈಲಿನ ಹೊಟ್ಟೆಯೊಳಗಿನ ವ್ಯವಹಾರ. ಮೂರರಲ್ಲಿ ಎಲ್ಲಿ ಕಟ್ಟಿಕೊಂಡಿದೆ ಎಂದು ಪತ್ತೆಮಾಡಲು ಹತ್ತು ನಿಮಿಷ ಸಾಕು.

ಎರಡು ಫೋನುಗಳ ಪರೀಕ್ಷೆ

ಮನೆಯಲ್ಲಿರುವ ಇನ್ನೊಂದು ಮೊಬೈಲ್ ತನ್ನಿ. ಎರಡರಲ್ಲೂ ಮೊಬೈಲ್ ಡೇಟಾ ಬಂದ್ ಮಾಡಿ. ಇದನ್ನು ಮರೆತರೆ ಪರೀಕ್ಷೆಯೇ ಸುಳ್ಳಾಗುತ್ತದೆ. ವೈಫೈ ಸತ್ತಿದ್ದರೂ ಫೋನು ಸದ್ದಿಲ್ಲದೆ ಸಿಮ್ಮಿನ ಡೇಟಾ ಬಳಸಿ ‘ಎಲ್ಲ ಸರಿ ಇದೆ’ ಎಂದು ನಂಬಿಸುತ್ತದೆ. ಈಗ ರೂಟರಿನ ಎದುರು ಒಂದು ಮಾರು ದೂರದಲ್ಲಿ ನಿಂತು ಯಾವುದಾದರೂ ಸುದ್ದಿತಾಣ ತೆರೆಯಿರಿ. ಎರಡೂ ಫೋನುಗಳಲ್ಲಿ ತೆರೆಯದಿದ್ದರೆ ದೋಷ ರೂಟರಿನದು ಅಥವಾ ಹೊರಗಿನ ತಂತಿಯದು. ಒಂದರಲ್ಲಿ ತೆರೆದು ಇನ್ನೊಂದರಲ್ಲಿ ತೆರೆಯದಿದ್ದರೆ ಆ ಇನ್ನೊಂದು ಫೋನಿನದು. ಹತ್ತಿರದಲ್ಲಿ ಎರಡೂ ಓಡಿ, ಒಳಮನೆಗೆ ಹೋದಾಗ ಎರಡೂ ನಿಂತರೆ ಗೋಡೆಯನ್ನು ಅನುಮಾನಿಸಿ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಬ್ರೌಸರಿನ ವಿಳಾಸಪಟ್ಟಿಯಲ್ಲಿ 192.168.1.1 ಎಂದು ಬರೆಯಿರಿ. ಕೆಲವು ರೂಟರುಗಳಲ್ಲಿ ಅದು 192.168.0.1 ಆಗಿರಬಹುದು, ತಳದ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ರೂಟರಿನ ಲಾಗಿನ್ ಪುಟ ತಕ್ಷಣ ತೆರೆದುಕೊಂಡರೆ ಮೊಬೈಲಿನಿಂದ ರೂಟರಿನವರೆಗಿನ ದಾರಿ ನಿಷ್ಕಳಂಕ. ಅಂಥ ಹೊತ್ತಿನಲ್ಲಿ ಮೊಬೈಲನ್ನು ಎಷ್ಟು ಕುಟ್ಟಿದರೂ ಫಲವಿಲ್ಲ, ಹೊರಗೆ ನೋಡಬೇಕು.

ಕೆಂಪು ದೀಪ ಕಂಡರೆ

ಫೈಬರ್ ರೂಟರಿನಲ್ಲಿ ‘ಪಾನ್’ (PON) ಮತ್ತು ‘ಲಾಸ್’ (LOS) ಎಂಬ ಎರಡು ದೀಪಗಳಿವೆ. ಪಾನ್ ಹಸಿರಾಗಿ ನೆಟ್ಟಗೆ ಉರಿಯುತ್ತಿದ್ದರೆ ತಂತಿ ಜೀವಂತವಾಗಿದೆ. ಲಾಸ್ ಕೆಂಪಾಗಿ ಮಿಣುಕುತ್ತಿದ್ದರೆ ತಂತಿಯೊಳಗೆ ಸಾಗಿ ಬರಬೇಕಾದ ಬೆಳಕು ರೂಟರನ್ನು ಮುಟ್ಟುತ್ತಿಲ್ಲ. ಮಲೆನಾಡಿನಲ್ಲಿ ಇದಕ್ಕೆ ಕಾರಣ ಹುಡುಕಲು ಪರಿಣತರು ಬೇಕಿಲ್ಲ. ಗಾಳಿಗೆ ಬಿದ್ದ ಅಡಿಕೆ ಸೋಗೆ, ತಂತಿಯ ಮೇಲೆ ಜೋಕಾಲಿಯಾಡಿದ ಮಂಗಗಳು, ಬೇಲಿ ಸವರುವಾಗ ತಗುಲಿದ ಕತ್ತಿ, ಇವುಗಳಲ್ಲಿ ಒಂದು.

ಮನೆಯೊಳಗಿನ ಕಾರಣವೂ ಒಂದಿದೆ. ಫೈಬರ್ ಎಂದರೆ ಕೂದಲೆಳೆಯಂಥ ಗಾಜು. ಉಳಿದ ತಂತಿಯನ್ನು ಅಂದವಾಗಿ ಕಾಣಲೆಂದು ಮೊಳೆಗೆ ಬಿಗಿಯಾಗಿ ಸುತ್ತಿದರೆ ಬಾಗಿದಲ್ಲಿ ಬೆಳಕು ಸೋರುತ್ತದೆ. ಅಂಗೈ ಅಗಲಕ್ಕಿಂತ ಸಣ್ಣ ಸುರುಳಿ ಬೇಡ. ಕನೆಕ್ಟರ್ ಸಡಿಲವಾಗಿದ್ದರೆ ಮೆಲ್ಲಗೆ ಒತ್ತಿ ಕೂರಿಸಬಹುದು, ಆದರೆ ಬಿಚ್ಚಿ ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಒಳಗೆ ಬರುವುದು ಕಣ್ಣಿಗೆ ಕಾಣದ ಲೇಸರ್. ಇದಕ್ಕಿಂತ ಹೆಚ್ಚಿನದು ಲೈನ್‌ಮನ್ ಕೆಲಸ. ಅವರಿಗೆ ಫೋನ್ ಮಾಡುವಾಗ “ನೆಟ್ ಬರುತ್ತಿಲ್ಲ” ಎನ್ನುವ ಬದಲು “ಲಾಸ್ ಕೆಂಪಾಗಿದೆ” ಎನ್ನಿ. ಬೆಳಕಿನ ಬಲ ಅಳೆಯುವ ಮೀಟರನ್ನು ಜತೆಗೇ ತರುತ್ತಾರೆ, ಎರಡನೇ ಸಲ ಬರುವುದು ತಪ್ಪುತ್ತದೆ. ಮೀಟರಿನ ಅಂಕಿಯನ್ನು ನೀವೂ ಕೇಳಿಟ್ಟುಕೊಳ್ಳಿ. ಸಾಮಾನ್ಯ ಫೈಬರ್ ಸಂಪರ್ಕದಲ್ಲಿ ಅದು ಮೈನಸ್ 27 ಡಿಬಿಎಂಗಿಂತ ಕೆಳಗಿಳಿದರೆ ಸಂಪರ್ಕ ಉಳಿಯುವ ಭರವಸೆಯಿಲ್ಲ.

ಗೋಡೆಯ ಸಂಗತಿ

ದೊಡ್ಡಮ್ಮನ ದೂರಿನ ಮೂಲ ಇಲ್ಲಿತ್ತು. ಸೇವೆಯವರು ಬಾಗಿಲ ಹತ್ತಿರ ಸುಲಭವಾಗಿ ಸಿಕ್ಕ ಜಾಗದಲ್ಲಿ, ಎಂದರೆ ಜಗಲಿಯ ಮೂಲೆಯಲ್ಲಿ, ರೂಟರ್ ಕೂರಿಸಿ ಹೋಗಿದ್ದರು. ಅಲ್ಲಿಂದ ಅಡುಗೆಮನೆಗೆ ಮೂರು ಗೋಡೆ. ಮೂರೂ ಮೊಳದಗಲದ ಜಂಬಿಟ್ಟಿಗೆ ಗೋಡೆಗಳು.

ಜಂಬಿಟ್ಟಿಗೆ ತೂತುತೂತಾದ ಕಲ್ಲು, ನೀರು ಕುಡಿಯುತ್ತದೆ. ನೀರು ವೈಫೈ ತರಂಗಗಳನ್ನು ಹೀರುತ್ತದೆ. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಎಂದ ಮೇಲೆ ಸುತ್ತಲಿನ ಮನೆಗಳ ಗೋಡೆ ಮಳೆಗಾಲ ಮುಗಿಯುವವರೆಗೆ ಒಣಗುವ ಮಾತೆಲ್ಲಿ? ಬೇಸಿಗೆಯಲ್ಲಿ ಹೇಗೋ ಒಳಗೆ ತೂರುತ್ತಿದ್ದ ಸಿಗ್ನಲ್ ಆಷಾಢದಲ್ಲಿ ಸೋತಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಸಿಗ್ನಲ್ ಅಳೆಯುವ ಉಚಿತ ಆ್ಯಪ್‌ಗಳಿವೆ. ಅವು ತೋರಿಸುವ ಅಂಕಿ ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಮೈನಸ್ 50 ಎಂದರೆ ಸೊಗಸು, ಮೈನಸ್ 67ರವರೆಗೆ ವಿಡಿಯೊ ಕರೆ ನಡೆಯುತ್ತದೆ, ಮೈನಸ್ 80 ದಾಟಿದರೆ ಹೆಸರಿಗಷ್ಟೇ ವೈಫೈ. ದೊಡ್ಡಮ್ಮನ ಒಲೆಯ ಪಕ್ಕ ಮೈನಸ್ 84 ಇತ್ತು.

ಮೊದಲು ನೋಡಬೇಕಾದದ್ದು ಯಾವ ಬ್ಯಾಂಡಿಗೆ ಅಂಟಿಕೊಂಡಿದ್ದೀರಿ ಎಂಬುದು. ಈಗಿನ ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಪ್ರಸಾರ ಮಾಡುತ್ತವೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ಕಂಡರೆ ಬೇಗ ಸುಸ್ತಾಗುತ್ತದೆ. 2.4 ನಿಧಾನಿ, ಗೋಡೆ ದಾಟುವುದರಲ್ಲಿ ಗಟ್ಟಿಗ. ಎರಡಕ್ಕೂ ಒಂದೇ ಹೆಸರಿದ್ದರೆ ಫೋನು ತನಗೆ ತೋಚಿದ್ದನ್ನು ಹಿಡಿಯುತ್ತದೆ. ರೂಟರಿನ ಪುಟದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ಒಳಮನೆಯ ಫೋನುಗಳನ್ನು 2.4ಕ್ಕೆ ಸೇರಿಸಿ. ವೈಫೈ ಹೆಸರಿನ ಕೊನೆಯಲ್ಲಿ ‘5ಜಿ’ ಎಂದಿರುವುದು ಈ 5 ಗಿಗಾಹರ್ಟ್ಸಿನ ಗುರುತು. ಸಿಮ್ ಕಾರ್ಡಿನ 5ಜಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಹಳೆಯ ಫೋನಿಗೆ ಆ ಹೆಸರು ಕಾಣದಿದ್ದರೆ ಫೋನು ಕೆಟ್ಟಿಲ್ಲ, ಆ ಬ್ಯಾಂಡ್ ಅದಕ್ಕೆ ತಿಳಿಯದು ಅಷ್ಟೇ.

ಆಮೇಲೆ ಜಾಗ. ರೂಟರ್ ಮನೆಯ ನಡುವೆ, ಎದೆಯೆತ್ತರದಲ್ಲಿ, ಬಯಲಾಗಿರಲಿ. ಕಬ್ಬಿಣದ ಬೀರುವಿನ ಹಿಂದೆ, ಫ್ರಿಜ್ಜಿನ ಮೇಲೆ, ನೀರಿನ ಡ್ರಮ್ಮಿನ ಪಕ್ಕ ಬೇಡ. ಆಂಟೆನಾದ ತುದಿ ಎತ್ತ ಮುಖ ಮಾಡಿದೆಯೋ ಅತ್ತ ಸಿಗ್ನಲ್ ಹೋಗುತ್ತದೆ ಎಂಬುದು ತಪ್ಪು ಎಣಿಕೆ. ಅದು ಕೋಲಿನ ಸುತ್ತ, ಉದ್ದಿನವಡೆಯ ಆಕಾರದಲ್ಲಿ ಹರಡುತ್ತದೆ. ಒಂದೇ ಅಂತಸ್ತಿನ ಮನೆಗೆ ಆಂಟೆನಾ ನೆಟ್ಟಗಿರಲಿ. ಉಪ್ಪರಿಗೆಗೂ ಬೇಕಿದ್ದರೆ ಒಂದನ್ನು ಮಲಗಿಸಿ.

ಶಿವಮೊಗ್ಗದ ವಿನೋಬನಗರದಂಥ ಕಡೆ ಗೋಡೆಗಿಂತ ನೆರೆಹೊರೆಯವರ ರೂಟರುಗಳದೇ ಗಲಾಟೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಆ್ಯಪ್‌ನಲ್ಲಿ ನೋಡಿ, ಕಡಿಮೆ ಜನಸಂದಣಿಯ ಚಾನೆಲ್ ಆರಿಸಿ. ಮೈಕ್ರೊವೇವ್ ಓವನ್ ಓಡುವಾಗ ಮಾತ್ರ ಸಂಪರ್ಕ ತಡವರಿಸಿದರೆ ಅದೂ ಇದೇ ಅಲೆಗಳ ಜಗಳ. ತೋಟದ ನಡುವಿನ ಒಂಟಿ ಮನೆಯವರು ಚಾನೆಲ್ಲಿನ ಚಿಂತೆ ಬಿಡಬಹುದು, ಅಲ್ಲಿ ನೆರೆಯಲ್ಲಿರುವುದು ಗೂಬೆ ಮಾತ್ರ.

ಇಷ್ಟಾದರೂ ತಲುಪದಿದ್ದರೆ ಎರಡನೇ ರೂಟರ್ ಬೇಕು. ಅಂಗಡಿಯವರು ಸಾಮಾನ್ಯವಾಗಿ ಗೋಡೆಯ ಪ್ಲಗ್ಗಿಗೆ ಚುಚ್ಚುವ ರಿಪೀಟರ್ ತೋರಿಸುತ್ತಾರೆ. ಸಿಗ್ನಲ್ ಸತ್ತ ಕೋಣೆಯಲ್ಲೇ ಅದನ್ನು ಇಟ್ಟರೆ ಅದು ಪುನರುಚ್ಚರಿಸಲು ಏನೂ ಉಳಿದಿರುವುದಿಲ್ಲ. ಅರ್ಧ ದಾರಿಯಲ್ಲಿ ಇಟ್ಟರೂ ಅಗ್ಗದವು ವೇಗವನ್ನು ಸುಮಾರು ಅರ್ಧ ತಿಂದುಹಾಕುತ್ತವೆ. ನನ್ನ ಮತ ಲ್ಯಾನ್ ಕೇಬಲಿಗೆ. 100 ಮೀಟರಿನವರೆಗೆ ಅದಕ್ಕೆ ಆಯಾಸವಿಲ್ಲ. ಜಗಲಿಯ ರೂಟರಿನಿಂದ ಅಟ್ಟದ ಮೇಲೆ ಕೇಬಲ್ ಎಳೆದು, ನಡುಮನೆಯಲ್ಲಿ ಹಳೆಯ ರೂಟರೊಂದನ್ನು ‘ಆ್ಯಕ್ಸೆಸ್ ಪಾಯಿಂಟ್’ ಮಾದರಿಗೆ, ಎಂದರೆ ಕೇಬಲಿನಲ್ಲಿ ಬಂದದ್ದನ್ನು ವೈಫೈಯಾಗಿ ಹರಡುವಷ್ಟೇ ಕೆಲಸಕ್ಕೆ, ಬದಲಿಸಿ ಕೂರಿಸಿದೆ. ಆ ಆಯ್ಕೆ ಇಲ್ಲದ ರೂಟರಾದರೆ ಅದರ ಡಿಎಚ್‌ಸಿಪಿ ಬಂದ್ ಮಾಡಿ, ವಿಳಾಸವನ್ನು 192.168.1.2 ಎಂದು ಬದಲಿಸಿ, ಕೇಬಲನ್ನು ಲ್ಯಾನ್ ಕಿಂಡಿಗೇ ಹಾಕಿ. ಡಿಎಚ್‌ಸಿಪಿ ಎಂದರೆ ಫೋನುಗಳಿಗೆ ವಿಳಾಸ ಹಂಚುವ ಕೆಲಸ. ಒಂದು ಮನೆಗೆ ಇಬ್ಬರು ಯಜಮಾನರಾದರೆ ಏನಾಗುತ್ತದೆ ಎಂಬುದು ಗೊತ್ತೇ ಇದೆ.

ಒಂದು ಎಚ್ಚರಿಕೆ: ಮನೆಯಿಂದ ಕೊಟ್ಟಿಗೆಗೋ ಅಡಿಕೆ ಗೋದಾಮಿಗೋ ಅಂಗಳ ದಾಟಿಸಿ ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ. ಸಿಡಿಲಿಗೆ ಅದು ರಾಜಮಾರ್ಗ.

ಫೋನೊಂದೇ ಹಟ ಮಾಡಿದರೆ

ಪರೀಕ್ಷೆಯಲ್ಲಿ ಒಂದೇ ಫೋನು ಸಿಕ್ಕಿಬಿದ್ದಿದೆ ಎಂದುಕೊಳ್ಳಿ. ಹಗುರವಾದ ಉಪಾಯಗಳಿಂದ ಶುರುಮಾಡಿ. ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ. ಫೋನನ್ನು ಆರಿಸಿ ಹೊತ್ತಿಸಿ. ದಿನಾಂಕ ಮತ್ತು ಸಮಯ ನೋಡಿ. ಬ್ಯಾಟರಿ ಪೂರ್ತಿ ಇಳಿದು ಗಡಿಯಾರ ಹಿಂದೆ ಸರಿದಿದ್ದರೆ ಜಾಲತಾಣಗಳ ಸುರಕ್ಷತಾ ಪ್ರಮಾಣಪತ್ರಗಳನ್ನು ಫೋನು ಒಪ್ಪುವುದಿಲ್ಲ, ಸಂಪರ್ಕವಿದ್ದೂ ಏನೂ ತೆರೆಯುವುದಿಲ್ಲ. ವಿಪಿಎನ್ ಆ್ಯಪ್ ಇದ್ದರೆ ಬಂದ್ ಮಾಡಿ. ಆಂಡ್ರಾಯ್ಡ್‌ನಲ್ಲಿ ‘ಪ್ರೈವೇಟ್ ಡಿಎನ್ಎಸ್’ ಎಂಬಲ್ಲಿ ಯಾರೋ ಯಾವುದೋ ಹೆಸರು ತುಂಬಿಸಿಟ್ಟಿದ್ದರೆ ‘ಆಟೊಮ್ಯಾಟಿಕ್’ಗೆ ತನ್ನಿ. ಜಾಹೀರಾತು ತಡೆಯಲೆಂದು ಮಕ್ಕಳು ಹಾಕಿ ಮರೆತದ್ದು ನಾನು ಕಂಡ ಎರಡು ಮನೆಗಳಲ್ಲಿ ತೊಂದರೆಯ ಮೂಲವಾಗಿತ್ತು.

ಆಮೇಲೆ ವೈಫೈ ಪಟ್ಟಿಯಲ್ಲಿ ನಿಮ್ಮ ಮನೆಯ ಹೆಸರನ್ನು ಒತ್ತಿ ‘ಫರ್ಗೆಟ್’ ಕೊಟ್ಟು, ಪಾಸ್‌ವರ್ಡ್ ಬರೆದು ಮತ್ತೆ ಸೇರಿ. ರೂಟರಿನ ಪಾಸ್‌ವರ್ಡ್ ಬದಲಾಗಿದ್ದರೆ ಹಳೆಯದನ್ನೇ ಜಪಿಸುತ್ತಿರುವ ಫೋನು ಇದರಿಂದ ಸರಿಹೋಗುತ್ತದೆ. ಸೇರಿದ ಮೇಲೆ ವಿವರದಲ್ಲಿ ಐಪಿ ವಿಳಾಸ ನೋಡಿ. ಅದು 169.254 ಎಂದು ಶುರುವಾಗಿದ್ದರೆ ರೂಟರ್ ವಿಳಾಸ ಕೊಟ್ಟಿಲ್ಲ, ಫೋನೇ ಒಂದನ್ನು ಇಟ್ಟುಕೊಂಡಿದೆ. ಆಗ ರೂಟರನ್ನು ಪ್ಲಗ್ಗಿನಿಂದ ತೆಗೆದು ಅರ್ಧ ನಿಮಿಷ ಬಿಟ್ಟು ಹಾಕಿ.

ಹೊಸ ರೂಟರ್ ಬಂದ ದಿನದಿಂದ ಹಳೆಯ ಫೋನು ಸೇರುತ್ತಲೇ ಇಲ್ಲವೆಂದರೆ ರೂಟರಿನ ಸುರಕ್ಷತೆ ‘ಡಬ್ಲ್ಯುಪಿಎ3’ ಮಾತ್ರ ಎಂದಿರಬಹುದು. ಅದನ್ನು ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಜೋಡಿಗೆ ಬದಲಿಸಿ. ಇದಕ್ಕೆ ತಿರುವುಮುರುವಾದ ಕಥೆಯೂ ಉಂಟು. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಫೋನುಗಳು ಗೋಪ್ಯತೆಗಾಗಿ ತಮ್ಮ ನಿಜವಾದ ಮ್ಯಾಕ್ ವಿಳಾಸದ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಬದಲು ತೋರಿಕೆಯ ವಿಳಾಸ ಹೇಳುತ್ತವೆ. ಗುರುತಿನ ಫೋನುಗಳಿಗೆ ಮಾತ್ರ ಬಾಗಿಲು ತೆರೆಯುವಂತೆ ರೂಟರಿನಲ್ಲಿ ಪಟ್ಟಿ ಮಾಡಿಟ್ಟಿದ್ದರೆ ಮನೆಯದೇ ಫೋನು ಹೊರಗೆ ನಿಲ್ಲಬೇಕಾಗುತ್ತದೆ. ನಿಮ್ಮ ಮನೆಯ ವೈಫೈಗೆ ಮಾತ್ರ ಈ ತೋರಿಕೆಯ ವಿಳಾಸದ ಆಯ್ಕೆಯನ್ನು ಫೋನಿನಲ್ಲಿ ಬಂದ್ ಮಾಡಿದರಾಯಿತು.

ಕೊಟ್ಟಕೊನೆಗೆ ‘ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್’. ಇದು ಫೋಟೊ, ಸಂದೇಶಗಳನ್ನು ಮುಟ್ಟುವುದಿಲ್ಲ, ಆದರೆ ಉಳಿಸಿಟ್ಟ ಎಲ್ಲ ವೈಫೈ ಪಾಸ್‌ವರ್ಡುಗಳೂ ಬ್ಲೂಟೂತ್ ಜೋಡಣೆಗಳೂ ಹೋಗುತ್ತವೆ. ಬರೆದಿಟ್ಟುಕೊಂಡೇ ಒತ್ತಿ.

ಕರೆಂಟಿನ ಕಾಟ

ವೈಫೈ ಸಂಜೆ ಹೊತ್ತು ಮಾತ್ರ ಕಡಿದು ಕಡಿದು ಬರುತ್ತಿದ್ದರೆ ರೂಟರಿನ ದೀಪಗಳನ್ನು ಗಮನಿಸಿ. ಎಲ್ಲವೂ ಒಮ್ಮೆ ಆರಿ ಮತ್ತೆ ಒಂದೊಂದಾಗಿ ಹೊತ್ತಿಕೊಂಡರೆ ರೂಟರ್ ಮರುಚಾಲನೆಯಾಗುತ್ತಿದೆ ಎಂದರ್ಥ. ಕರೆಂಟ್ ಕಣ್ಣು ಮಿಟುಕಿಸಿದರೂ ಸಾಕು, ಇನ್ವರ್ಟರ್ ಹಿಡಿದುಕೊಳ್ಳುವ ಆ ಒಂದು ಚಣದಲ್ಲಿ ರೂಟರ್ ಆರಿ, ಏಳಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ. ರೂಟರಿಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದಿದೆಯೋ 9 ಎಂದಿದೆಯೋ ಓದಿ. ಕರೆಂಟ್ ಸರಿಯಿದ್ದೂ ಹೀಗಾದರೆ ಮುದಿಯಾಗಿರುವುದು ಅಡಾಪ್ಟರ್, ಅದೊಂದನ್ನು ಬದಲಿಸಿ ನೋಡಿ. ಗುಡುಗು ಕೇಳಿಸುವ ಮೊದಲೇ ಪ್ಲಗ್ ಕಿತ್ತಿಡಿ. ಫೈಬರಿನಲ್ಲಿ ವಿದ್ಯುತ್ ಹರಿಯದಿದ್ದರೂ ಅಡಾಪ್ಟರಿನ ದಾರಿ ತೆರೆದೇ ಇರುತ್ತದೆ.

ಸಿಗ್ನಲ್ ಇಲ್ಲದ ಊರಿನವರು ಫೋನಿನಲ್ಲಿ ‘ವೈಫೈ ಕಾಲಿಂಗ್’ ಚಾಲೂ ಮಾಡಿಕೊಳ್ಳಿ. ಸಾಮಾನ್ಯ ಕರೆಗಳೇ ವೈಫೈ ಮೂಲಕ ಬರುತ್ತವೆ. ಕರೆಂಟ್ ಹೋಗಿ ರೂಟರ್ ಆರಿದರೆ ಈ ಕರೆಗಳೂ ನಿಲ್ಲುತ್ತವೆ. ವಯಸ್ಸಾದವರಿಬ್ಬರೇ ಇರುವ ಮನೆಗೆ ಸಣ್ಣ ಯುಪಿಎಸ್ ಬೇಕೇ ಬೇಕು ಎನ್ನುವುದು ಇದಕ್ಕಾಗಿ.

ದೊಡ್ಡಮ್ಮನ ಮನೆಯಲ್ಲಿ ನಡುಮನೆಯ ರೂಟರಿನಿಂದ ಒಲೆಯವರೆಗೆ ಈಗ ಒಂದೇ ಗೋಡೆ, ಅಂಕಿ ಮೈನಸ್ 61. ಲಾಗಿನ್, ಪಾಸ್‌ವರ್ಡ್ ಮತ್ತು ಲೈನ್‌ಮನ್ ನಂಬರನ್ನು ಪಂಚಾಂಗದ ಒಳರಟ್ಟಿನಲ್ಲಿ ಬರೆದಿಟ್ಟಿದ್ದೇವೆ. ಜಗಲಿಯ ರೂಟರಿನ ಬೆನ್ನಿನ ತೂತಿಗೆ ದೊಡ್ಡಮ್ಮ ಬ್ಯಾಂಡೇಜ್ ಅಂಟಿಸಿದ್ದಾರೆ, ಅಣ್ಣನ ಕೈಗೆ ಸಿಗದಂತೆ.