ಬಾಡಿಗೆ ಮನೆಯಲ್ಲಿ ನಾಯಿ-ಬೆಕ್ಕು: ಓನರ್ ಮಾತು ಬದಲಿಸಿದಾಗ ಮಾಡಬೇಕಾದ್ದೇನು?

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದು ನಡೆಯುವ ರೀತಿ ಹೆಚ್ಚುಕಡಿಮೆ ಒಂದೇ. ಮನೆ ತೋರಿಸುವಾಗ 'ನಾಯಿ ಇದ್ರೆ ಪರವಾಗಿಲ್ಲ' ಎಂದಿದ್ದ ಓನರ್ ಆರೇಳು ತಿಂಗಳಾದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ಹಾಕುತ್ತಾರೆ: 'ಅಸೋಸಿಯೇಷನ್‌ನವರು ಪೆಟ್ಸ್ ಬೇಡ ಅಂತಿದ್ದಾರೆ. ತಿಂಗಳ ಕೊನೆಯೊಳಗೆ ಏನಾದ್ರೂ ವ್ಯವಸ್ಥೆ ಮಾಡಿಕೊಳ್ಳಿ.' ಓದಿದವರಿಗೆ ಕೈಕಾಲು ಆಡುವುದಿಲ್ಲ. 'ಆಯ್ತು ಸರ್, ನೋಡ್ತೀನಿ' ಎಂದು ಉತ್ತರ ಹಾಕಿಬಿಡುತ್ತಾರೆ. ಎಲ್ಲಕ್ಕಿಂತ ದುಬಾರಿ ತಪ್ಪು ಇದೇ. ಮುಂದೆ ಮಾತು ಬೆಳೆದರೆ, ನಾಯಿಯನ್ನು ಕಳಿಸಲು ನೀವೇ ಒಪ್ಪಿದ್ದಿರಿ ಎನ್ನುವುದಕ್ಕೆ ಆ ಒಂದು ಮೆಸೇಜು ಸಾಕ್ಷಿಯಾಗುತ್ತದೆ. ಆ ದಿನ ಹಾಕಬೇಕಾದ್ದು ಇಷ್ಟೇ: 'ನಿಮ್ಮ ಮೆಸೇಜ್ ನೋಡಿದೆ. ಅಗ್ರಿಮೆಂಟ್ ನೋಡಿ ಬರಹದಲ್ಲಿ ಉತ್ತರ ಕೊಡುತ್ತೇನೆ.'

ಫೋನಿನಲ್ಲಿ ವಾದ ಬೇಡ. ಓನರೇ ಫೋನ್ ಮಾಡಿದರೆ ಕೇಳಿಸಿಕೊಳ್ಳಿ. ಅವರು ಹೇಳಿದ್ದನ್ನು ಆಮೇಲೆ ನಾಲ್ಕು ಸಾಲಿನಲ್ಲಿ ಬರೆದು ಅವರಿಗೇ ಕಳಿಸಿ.

ಬದಲಾದದ್ದು ಯಾರ ನಿಯಮ?

ಓನರ್‌ಗೇ ಮನಸ್ಸು ಬದಲಾಗಿದೆಯೋ, ಅಸೋಸಿಯೇಷನ್ ತೀರ್ಮಾನ ಮಾಡಿದೆಯೋ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಎರಡಕ್ಕೂ ಉತ್ತರ ಬೇರೆ ಬೇರೆ. ಅಸೋಸಿಯೇಷನ್ ಹೆಸರು ಹೇಳಿದ್ದರೆ, ಯಾವ ಸಭೆ, ಯಾವ ತಾರೀಖು, ನಿರ್ಣಯದ ಪ್ರತಿ ಎಲ್ಲಿ ಎಂದು ಓನರ್ ಮೂಲಕವೇ ಕೇಳಿಸಿ. ಸದಸ್ಯರು ಅವರು, ನೀವಲ್ಲ. ಎಷ್ಟೋ ಸಲ ನಿರ್ಣಯವೇ ಇರುವುದಿಲ್ಲ, ಯಾರೋ ಒಬ್ಬರು ಗ್ರೂಪಿನಲ್ಲಿ ಗಲಾಟೆ ಎಬ್ಬಿಸಿರುತ್ತಾರೆ, ಅಷ್ಟೆ.

ಅಗ್ರಿಮೆಂಟಿನ ಆ ಎರಡು ಸಾಲು

ಹೆಚ್ಚಿನವರು ಎಡವುವುದು ಇಲ್ಲಿಯೇ. ಅಗ್ರಿಮೆಂಟಿನಲ್ಲಿ 'ಪೆಟ್ಸ್' ಎಂಬ ಪದ ಹುಡುಕುತ್ತಾರೆ, ಸಿಗದಿದ್ದರೆ 'ನಿಷೇಧ ಇಲ್ಲವಲ್ಲ' ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಹುಡುಕಬೇಕಾದ ಪದ ಅದಲ್ಲ, 'ಫ್ರಮ್ ಟೈಮ್ ಟು ಟೈಮ್'. ಛಾಪಾ ಕಾಗದದ ಅಂಗಡಿಗಳಲ್ಲಿ ಸಿಗುವ ರೆಡಿಮೇಡ್ ಅಗ್ರಿಮೆಂಟುಗಳಲ್ಲೂ ಆನ್‌ಲೈನ್ ನಮೂನೆಗಳಲ್ಲೂ ಇಂಥದೊಂದು ಸಾಲು ಸಾಮಾನ್ಯ: 'ಮಾಲೀಕರು ಅಥವಾ ಅಸೋಸಿಯೇಷನ್ ಕಾಲಕಾಲಕ್ಕೆ ವಿಧಿಸುವ ನಿಯಮಗಳಿಗೆ ಬಾಡಿಗೆದಾರರು ಬದ್ಧರಾಗಿರತಕ್ಕದ್ದು.' ನಾಳೆ ಬರುವ ನಿಯಮಕ್ಕೆ ಇವತ್ತೇ ಸಹಿ ಹಾಕಿಸಿಕೊಳ್ಳುವ ಸಾಲು ಇದು. ಇದಿದ್ದರೆ ಓನರ್ ಇದನ್ನೇ ಮುಂದೆ ಹಿಡಿಯುತ್ತಾರೆ. ಇಲ್ಲದಿದ್ದರೆ ನಿಮ್ಮ ಸ್ಥಿತಿ ಎಷ್ಟೋ ಗಟ್ಟಿ: 1872ರ ಭಾರತೀಯ ಕರಾರು ಕಾಯ್ದೆಯ 62ನೇ ಕಲಮಿನ ಲೆಕ್ಕದಲ್ಲಿ, ನಡೆಯುತ್ತಿರುವ ಕರಾರನ್ನು ಬದಲಾಯಿಸಲು ಎರಡೂ ಕಡೆಯವರ ಒಪ್ಪಿಗೆ ಬೇಕು. ಒಂದು ವಾಟ್ಸ್‌ಆ್ಯಪ್ ಮೆಸೇಜು ಅಗ್ರಿಮೆಂಟನ್ನು ತಿದ್ದಲಾರದು.

ಎರಡನೆಯದು ನೋಟಿಸ್ ಅವಧಿಯ ಸಾಲು. 'ಇಬ್ಬರಲ್ಲಿ ಯಾರೇ ಆಗಲಿ ಎರಡು ತಿಂಗಳ ನೋಟಿಸ್ ಕೊಟ್ಟು ಕರಾರು ಮುಗಿಸಬಹುದು' ಎಂದಿದ್ದರೆ, ನಾಯಿಯ ಮಾತೇ ಎತ್ತದೆ ಓನರ್ ನಿಮ್ಮನ್ನು ಬಿಡಿಸಬಹುದು. ಇದನ್ನು ಮುಚ್ಚಿಟ್ಟು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. ಲಾಕ್-ಇನ್ ಅವಧಿ (ಮಧ್ಯದಲ್ಲಿ ಕರಾರು ಮುಗಿಸುವಂತಿಲ್ಲದ ತಿಂಗಳುಗಳು) ಇದ್ದರೆ ಅದು ಓನರನ್ನೂ ಕಟ್ಟಿಹಾಕುತ್ತದೆಯೋ, ನಿಮ್ಮೊಬ್ಬರನ್ನೇನೋ ನೋಡಿ. ಹನ್ನೊಂದು ತಿಂಗಳು ಮುಗಿದ ಮೇಲೂ ಹೊಸ ಕರಾರಿಲ್ಲದೆ ಬಾಡಿಗೆ ಕಟ್ಟುತ್ತಾ, ಓನರ್ ಅದನ್ನು ತೆಗೆದುಕೊಳ್ಳುತ್ತಾ ಬಂದಿದ್ದರೆ, ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ, ಬೇರೆ ಮಾತಾಗಿಲ್ಲದಿದ್ದರೆ, ಅದನ್ನು ಮುಗಿಸಲು ಬರಹದಲ್ಲಿ 15 ದಿನದ ನೋಟಿಸ್ ಸಾಕು. ರಿನ್ಯೂವಲ್ ತಪ್ಪಿಸಿ ಐನೂರೋ ಸಾವಿರವೋ ಉಳಿಸಿದವರು ಈ ಹದಿನೈದು ದಿನದಲ್ಲಿ ನಾಯಿಯನ್ನು ಒಪ್ಪುವ ಮನೆ ಹುಡುಕಬೇಕಾಗುತ್ತದೆ.

'ರೆಂಟ್ ಆ್ಯಕ್ಟ್ ಇದೆಯಲ್ಲ' ಎನ್ನುವವರಿಗೆ: 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿವರೆಗಿನ ಬಾಡಿಗೆಯ ವಾಸದ ಮನೆಗಳಿಗೆ ಮಾತ್ರ. ಇವತ್ತಿನ ಅಪಾರ್ಟ್‌ಮೆಂಟ್ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ನಿಮ್ಮನ್ನು ಕಾಯುವುದು ನಿಮ್ಮ ಅಗ್ರಿಮೆಂಟೇ.

ಉತ್ತರ ಬರೆಯುವುದು

ಒಂದು ಪುಟ ಮೀರಬಾರದು. ಇಮೇಲ್‌ನಲ್ಲಿ ಕಳಿಸಿ, ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ ರಸೀದಿ ಇಟ್ಟುಕೊಳ್ಳಿ. ಕರಾರಿನ ತಾರೀಖು, ಮುಗಿಯುವ ತಾರೀಖು, ನಾಯಿ ಇರುವುದು ಓನರ್‌ಗೆ ಯಾವಾಗಿನಿಂದ ಗೊತ್ತು (ಮನೆ ನೋಡುವಾಗಿನ ಮೆಸೇಜು, ಬ್ರೋಕರ್ ಜತೆಗಿನ ಚಾಟು, ನಾಯಿ ಕಾಣುವ ಫೋಟೊ), ಇದುವರೆಗೆ ಬರಹದಲ್ಲಿ ದೂರು ಬಂದಿದೆಯೇ, ಬಂದಿದ್ದರೆ ನೀವೇನು ಮಾಡಿದಿರಿ, ಇವೆಲ್ಲ ಇರಲಿ. ಕೊನೆಯಲ್ಲಿ ಒಂದೇ ಕೋರಿಕೆ: ಕರಾರಿನ ಅವಧಿ ಮುಗಿಯುವವರೆಗೆ ಈಗಿರುವಂತೆಯೇ ಮುಂದುವರಿಯೋಣ, ಆಕ್ಷೇಪ ಏನೆಂದು ಬರಹದಲ್ಲಿ ತಿಳಿಸಿ. ಜತೆಗೆ ಈ ವರ್ಷದ ರೇಬಿಸ್ ಲಸಿಕೆ ನಮೂದಾದ ಪುಸ್ತಕದ ಪುಟ, ಸಂತಾನಹರಣ ಚಿಕಿತ್ಸೆ ಆಗಿದ್ದರೆ ಅದರ ಪ್ರಮಾಣಪತ್ರ, ಪಾಲಿಕೆಯ ಪರವಾನಗಿ ಇದ್ದರೆ ಅದರ ಪ್ರತಿ ಸೇರಿಸಿ. ಲಸಿಕೆಯ ತಾರೀಖು ಒಂದು ವಾರ ಮೀರಿದ್ದರೂ ಮೊದಲು ಹಾಕಿಸಿ, ಆಮೇಲೆ ಪತ್ರ ಬರೆಯಿರಿ. ಎದುರಿನವರು ಮೊದಲು ನೋಡುವುದು ಅದನ್ನೇ.

'ಅದು ನಮ್ಮದಲ್ಲ, ತಂಗಿಯದು, ಎರಡು ದಿನಕ್ಕೆ ಬಂದಿದೆ' ಎಂಬ ಅಡ್ಡದಾರಿ ಹಿಡಿಯಲೇಬೇಡಿ. ಸೆಕ್ಯೂರಿಟಿಯವರಿಗೆ ಗೊತ್ತಿರುತ್ತದೆ, ಲಿಫ್ಟಿನ ಕ್ಯಾಮೆರಾದಲ್ಲಿ ಇರುತ್ತದೆ. ಒಂದು ಸುಳ್ಳು ಸಿಕ್ಕಿಬಿದ್ದರೆ ಪತ್ರದಲ್ಲಿರುವ ಹತ್ತು ನಿಜಕ್ಕೂ ಬೆಲೆ ಹೋಗುತ್ತದೆ.

ಅಸೋಸಿಯೇಷನ್‌ ಬೇಡ ಎಂದಿದ್ದರೆ

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರುವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಪ್ರಿಂಟ್ ಹಾಕಿ ಇಟ್ಟುಕೊಳ್ಳಿ. ಬಹುಮತದ ನಿರ್ಣಯ ಮಾಡಿ ಕೂಡ ಅಸೋಸಿಯೇಷನ್‌ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ, ತಳಿ ಅಥವಾ ಗಾತ್ರ ನೋಡಿ ಭೇದ ಮಾಡುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ, ಬೊಗಳುತ್ತದೆ ಎಂಬುದನ್ನೇ ನಿಷೇಧಕ್ಕೆ ಕಾರಣ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. 2021ರಲ್ಲಿ ಕೇರಳ ಹೈಕೋರ್ಟ್ ಕೂಡ ನಿವಾಸಿ ಸಂಘಗಳ ಇಂಥ ಬೈಲಾ ಊರ್ಜಿತವಲ್ಲ ಎಂದಿದೆ. ಅದು ನಮ್ಮ ರಾಜ್ಯವನ್ನು ನೇರವಾಗಿ ಕಟ್ಟುವ ತೀರ್ಪಲ್ಲ, ಆದರೆ ಕಮಿಟಿಯವರ ಮುಂದಿಡಲು ಒಳ್ಳೆಯ ಆಧಾರ. 'ಇದು ಅಪಾಯಕಾರಿ ತಳಿ, ಸರ್ಕಾರವೇ ನಿಷೇಧಿಸಿದೆ' ಎಂದರೆ, ಕೇಂದ್ರದ 2024ರ ಮಾರ್ಚ್ ಸುತ್ತೋಲೆಯನ್ನು ಅದೇ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡಿದ್ದನ್ನು ತಿಳಿಸಿ.

ಇವೆಲ್ಲ ನಿಲ್ಲುವುದು ಅಸೋಸಿಯೇಷನ್‌ ಎದುರು. ಮನೆ ಕೊಡುವ ಓನರ್ ತಾನು ಒಪ್ಪಿದ ಅವಧಿ ಮುಗಿದ ಮೇಲೆ 'ನಾಯಿ ಇರುವವರಿಗೆ ಕೊಡುವುದಿಲ್ಲ' ಎಂದರೆ ಈ ಮಾರ್ಗಸೂಚಿ ಹಿಡಿದು ಅವರನ್ನು ಒಪ್ಪಿಸಲಾಗದು. ಆದ್ದರಿಂದ ಓನರ್ ಜತೆ ಜಗಳವಾಡಿ ಅಸೋಸಿಯೇಷನ್‌ ಮೇಲೆ ಗೆಲ್ಲುವ ಯೋಚನೆ ಬಿಡಿ. ಅಸೋಸಿಯೇಷನ್‌ಗೆ ಬರೆಯುವ ಪತ್ರ ನಿಮ್ಮ ಮತ್ತು ಓನರ್ ಇಬ್ಬರ ಹೆಸರಿನಲ್ಲೂ ಹೋಗುವಂತೆ ಮಾಡಿ.

ದೂರು ನಿಜವೇ ಆಗಿದ್ದರೆ ಮೊದಲು ಅದನ್ನು ಸರಿಪಡಿಸಿ. ನೀವಿಲ್ಲದಾಗ ಬೊಗಳುತ್ತದೆ ಎಂದರೆ ಹಳೆಯ ಫೋನೊಂದನ್ನು ರೆಕಾರ್ಡಿಂಗ್‌ಗೆ ಇಟ್ಟು ಹೊರಗೆ ಹೋಗಿ. ಬಹಳ ನಾಯಿಗಳು ಕೂಗುವುದು ಮೊದಲ ಅರ್ಧ ಗಂಟೆ, ಇಲ್ಲವೇ ಡೆಲಿವರಿಯವರು ಬೆಲ್ ಒತ್ತಿದಾಗ. ಬೆಲ್ಲಿನ ಸ್ವಿಚ್ ಆಫ್ ಮಾಡಿ 'ಪಾರ್ಸೆಲ್ ಸೆಕ್ಯೂರಿಟಿ ಹತ್ತಿರ ಕೊಡಿ' ಎಂದು ಬಾಗಿಲಿಗೆ ಚೀಟಿ ಅಂಟಿಸಿದರೆ ಅರ್ಧ ಸದ್ದು ಅಲ್ಲೇ ನಿಲ್ಲುತ್ತದೆ. ಬೊಗಳಿದರೆ ಶಾಕ್ ಕೊಡುವ ಕಾಲರ್ ಎಂಥ ಕಂಪನಿಯದೇ ಆಗಲಿ, ಕೊಳ್ಳಬೇಡಿ. ಹೆದರಿದ ನಾಯಿ ಬೊಗಳುವುದನ್ನು ಬಿಟ್ಟು ಕಚ್ಚಲು ಶುರುಮಾಡಬಹುದು. ಎಳೆದಂತೆ ಉದ್ದವಾಗುವ ಬೆಲ್ಟೂ ಕಾರಿಡಾರಿಗೆ ತಕ್ಕದ್ದಲ್ಲ. ಲಿಫ್ಟಿನ ಬಾಗಿಲು ತೆರೆದಾಗ ನಾಯಿ ಒಳಗಿರುವ ಮಗುವಿನ ಮುಂದೆ ನಿಂತಿರುತ್ತದೆ, ನೀವು ಆರಡಿ ಹಿಂದೆ. ನಾಲ್ಕಡಿಯ ಗಟ್ಟಿ ಬೆಲ್ಟ್ ಸಾಕು.

ರಿನ್ಯೂವಲ್‌ಗೆ ಎರಡು ತಿಂಗಳ ಮೊದಲೇ

ಮಾತು ಆಡಲು ಸರಿಯಾದ ಕಾಲ ಇದು, ಕೊನೆಯ ವಾರವಲ್ಲ. ಹೊಸ ಅಗ್ರಿಮೆಂಟಿನಲ್ಲಿ 'ಪೆಟ್ಸ್ ಅಲೋಡ್' ಎಂದು ಎರಡು ಪದ ಹಾಕಿಸಿ ಸುಮ್ಮನಾಗಬೇಡಿ. ಯಾವ ಪ್ರಾಣಿ, ಎಷ್ಟು, ಎಲ್ಲಿಯವರೆಗೆ ಎಂದೆಲ್ಲ ಪ್ರಶ್ನೆ ಏಳುತ್ತದೆ. ಹೀಗೆ ಬರೆಸಿ:

'ಬಾಡಿಗೆದಾರರು ಸುಮಾರು ಮೂರು ವರ್ಷದ, ನಾಡತಳಿಯ, ಕಂದು ಬಣ್ಣದ ಒಂದು ಹೆಣ್ಣು ನಾಯಿಯನ್ನು ಈ ಮನೆಯಲ್ಲಿ ಸಾಕಿಕೊಂಡಿರುವುದು ಮಾಲೀಕರಿಗೆ ತಿಳಿದಿದ್ದು, ಅದಕ್ಕೆ ಅವರು ಒಪ್ಪಿರುತ್ತಾರೆ. ಈ ಒಪ್ಪಿಗೆ ಕರಾರಿನ ಪೂರ್ತಿ ಅವಧಿಗೂ ಮುಂದಿನ ನವೀಕರಣಗಳಿಗೂ ಅನ್ವಯಿಸುತ್ತದೆ. ಮುಂದೆ ಬರುವ ಯಾವುದೇ ನಿಯಮದಿಂದ ಈ ಒಪ್ಪಿಗೆ ರದ್ದಾಗುವುದಿಲ್ಲ. ನಾಯಿಯಿಂದಾದ ಹಾನಿಯನ್ನು ಬಾಡಿಗೆದಾರರು ರಿಪೇರಿಯ ಬಿಲ್ಲಿನಂತೆ ಭರಿಸತಕ್ಕದ್ದು. ಸಹಜ ಸವೆತ ಇದರಲ್ಲಿ ಸೇರುವುದಿಲ್ಲ.'

ಮೂರನೆಯ ವಾಕ್ಯವೇ ಜೀವಾಳ. ಆ 'ಕಾಲಕಾಲಕ್ಕೆ' ಎಂಬ ಸಾಲಿಗೆ ಉತ್ತರ ಅದು. ಓನರ್ ಉಳಿದದ್ದನ್ನೆಲ್ಲ ಒಪ್ಪಿ ಅದೊಂದನ್ನೇ ತೆಗೆಯಿರಿ ಎಂದರೆ, ಬದಲಿಗೆ 'ನಿಯಮ ಬದಲಾದರೆ ಬಾಡಿಗೆದಾರರಿಗೆ 90 ದಿನದ ಕಾಲಾವಕಾಶ' ಎಂದು ಬರೆಸಿಕೊಳ್ಳಿ. ಮೂರು ತಿಂಗಳಿದ್ದರೆ ಮನೆ ಸಿಗುತ್ತದೆ.

ದುಡ್ಡಿನ ಮಾತು ಬಂದೇ ಬರುತ್ತದೆ. ಪ್ರಾಣಿಯ ಲೆಕ್ಕದಲ್ಲಿ ಪ್ರತಿ ತಿಂಗಳು ಹೆಚ್ಚುವರಿ ಬಾಡಿಗೆ ಬೇಡ, ಹೋದ ದುಡ್ಡು ಹೋದಂತೆ. ವಾಪಸ್ ಬರುವ ಅಡ್ವಾನ್ಸ್‌ಗೆ ಹತ್ತೋ ಹದಿನೈದೋ ಸಾವಿರ ಸೇರಿಸಲು ಒಪ್ಪಿ, ಅದನ್ನೂ ಕರಾರಿನಲ್ಲೇ ಬರೆಸಿ.

ಮನೆಯ ಗುರುತುಗಳು

ಅಡ್ವಾನ್ಸ್ ಕಡಿತವಾಗುವುದು ಮೂರು ಕಡೆ: ಬಾಗಿಲಿನ ಕೆಳಗಿನ ಎರಡಡಿ, ಸೊಳ್ಳೆ ಪರದೆ, ನೆಲದ ವಾಸನೆ. ಬಾಗಿಲಿಗೆ ಮೂರಡಿ ಎತ್ತರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಹರಿದ ಪರದೆಯನ್ನು ಬಿಡುವ ಮೊದಲು ಬದಲಾಯಿಸಿಬಿಡಿ.

ಮೂತ್ರದ ವಾಸನೆಯನ್ನು ಮಾತ್ರ ತಿಳಿದು ಮಾಡಬೇಕು. ಬ್ಲೀಚ್ ಸುರಿಯಬೇಡಿ, ಮೂತ್ರದ ಅಮೋನಿಯಾ ಜತೆ ಸೇರಿ ಉಸಿರು ಕಟ್ಟಿಸುವ ಅನಿಲ ಬರುತ್ತದೆ. ಬೆಕ್ಕಿರುವ ಮನೆಯಲ್ಲಿ ಫಿನೈಲ್ ಬೇಡವೇ ಬೇಡ. ಅದರ ಫೀನಾಲನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, ಒರೆಸಿದ ನೆಲದಲ್ಲಿ ನಡೆದು ಪಾದ ನೆಕ್ಕಿದರೂ ವಿಷ. ವಿನೆಗರ್ ಒಳ್ಳೆಯದೆಂದು ವಿಡಿಯೊಗಳಲ್ಲಿ ಹೇಳುತ್ತಾರೆ, ಆದರೆ ನೆಲ ಮಾರ್ಬಲ್ ಅಥವಾ ಕಡಪ ಕಲ್ಲಿನದಾದರೆ ಹುಳಿ ತಾಗಿದ ಜಾಗದ ಹೊಳಪು ಹೋಗಿ ಮಬ್ಬು ಕಲೆ ಉಳಿಯುತ್ತದೆ, ಪಾಲಿಶ್ ಮಾಡಿಸದೆ ಹೋಗುವುದಿಲ್ಲ. ಕಿಣ್ವ ಇರುವ ಕ್ಲೀನರ್ ತನ್ನಿ, ಬಟ್ಟೆಯಲ್ಲಿ ಹೀರಿಸಿದ ಮೇಲೆ ಜಾಗ ನೆನೆಯುವಷ್ಟು ಹಾಕಿ, ಹತ್ತು-ಹದಿನೈದು ನಿಮಿಷ ಬಿಟ್ಟು ಒರೆಸಿ. ಹಾಕಿದ ಕೂಡಲೇ ಒರೆಸಿದರೆ ದುಡ್ಡು ದಂಡ, ಕಿಣ್ವಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ.

ಬಾಲ್ಕನಿಗೆ ಪಾರಿವಾಳದ ನೈಲಾನ್ ಬಲೆ ಹಾಕಿ ಬೆಕ್ಕನ್ನು ಬಿಡುವವರಿದ್ದಾರೆ. ಅದನ್ನು ಬೆಕ್ಕು ಕಡಿದು ತೂತು ಮಾಡುತ್ತದೆ. ಉಕ್ಕಿನ ಜಾಲರಿಯೇ ಆಗಬೇಕು. ಗೋಡೆಗೆ ತೂತು ಕೊರೆಯಲು ಓನರ್ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಒಪ್ಪದೇ ಹೋದರೆ

ಅವಧಿ ಮುಗಿಯುವ ಮೊದಲೇ ಕರೆಂಟ್, ನೀರು ಕಡಿತ ಮಾಡಿದರೆ ಅಥವಾ ಬೀಗ ಹಾಕಿದರೆ ಫೋಟೊ ತೆಗೆದು ಠಾಣೆಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕಾನೂನಿನ ಕ್ರಮವಿಲ್ಲದೆ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಲಹೆ ಸಿಗುತ್ತದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ.

ಬಿಡುವುದೇ ಎಂದಾದರೆ ಪ್ರಾಣಿಯನ್ನು ಬೀದಿಗೆ ಬಿಡುವ ಯೋಚನೆ ಬೇಡ. ಮನೆಯಲ್ಲಿ ಬೆಳೆದ ನಾಯಿ ಬೀದಿಯಲ್ಲಿ ಉಳಿಯುವುದು ಕಷ್ಟ. ಹಸಿವು ನೀರಡಿಕೆಯಿಂದ ನರಳುವಂತೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಕೂಡ. ಹೊಸ ಮನೆ ಹುಡುಕುವಾಗ ಬ್ರೋಕರ್‌ಗೆ ಮೊದಲ ಮಾತಿನಲ್ಲೇ ನಾಯಿಯ ವಿಷಯ ಹೇಳಿ, ಓನರ್ ಬಾಯಿಂದಲೇ ಕೇಳಿ, ಟೋಕನ್ ಅಡ್ವಾನ್ಸ್ ಕೊಡುವ ಮೊದಲು ಮೆಸೇಜಿನಲ್ಲಿ ಒಪ್ಪಿಗೆ ಪಡೆಯಿರಿ. 'ನಾನು ಓನರ್ ಹತ್ರ ಮಾತಾಡಿದೀನಿ' ಎಂಬ ಬ್ರೋಕರ್ ಮಾತಿಗೆ ಟೋಕನ್ ಕೊಡಬೇಡಿ.

ಹಳೆಯ ಮನೆಯ ಕೀ ಕೊಡುವ ದಿನ ಖಾಲಿ ಮನೆಯನ್ನು ಓನರ್ ಜತೆಯಲ್ಲೇ ಸುತ್ತಿ, ಬಾಗಿಲು, ಪರದೆ, ನೆಲ ಕಾಣುವಂತೆ ವಿಡಿಯೊ ಮಾಡಿ. ಕೀ ಮತ್ತು ಅಡ್ವಾನ್ಸ್ ಒಂದೇ ಹೊತ್ತಿಗೆ ಕೈ ಬದಲಾಗಲಿ. ಬೆಕ್ಕಿದ್ದರೆ ಸಾಮಾನು ಸಾಗಿಸುವವರು ಬರುವ ಮೊದಲೇ ಅದರ ಮರಳಿನ ಟ್ರೇ, ನೀರು, ಹಳೆಯ ಬೆಡ್‌ಶೀಟ್ ಸಮೇತ ಬಾತ್‌ರೂಮಿನಲ್ಲಿ ಕೂಡಿ, 'ಬೆಕ್ಕಿದೆ, ತೆಗೆಯಬೇಡಿ' ಎಂದು ದೊಡ್ಡದಾಗಿ ಬರೆದು ಬಾಗಿಲಿಗೆ ಅಂಟಿಸಿ. ಲಾರಿ ಹೊರಟ ಮೇಲೆ ಕೊನೆಯದಾಗಿ ಅದನ್ನು ಪಂಜರದಲ್ಲಿಟ್ಟು ನಿಮ್ಮ ಜತೆಯಲ್ಲೇ ಕರೆದೊಯ್ಯಿರಿ. ಹೊಸ ಮನೆಯಲ್ಲಿ ಮೊದಲ ಮೂರ್ನಾಲ್ಕು ದಿನ ಒಂದೇ ಕೋಣೆಯಲ್ಲಿ ಇಡಿ, ಆ ಬೆಡ್‌ಶೀಟನ್ನು ಒಗೆಯದೆ ಅಲ್ಲೇ ಹಾಸಿ.