ಸ್ನ್ಯಾಚ್ ಎತ್ತುವ ಮೊದಲು ಕೂರುವುದನ್ನು ಕಲಿಯಿರಿ

ವೇಟ್‌ಲಿಫ್ಟಿಂಗ್‌ನಲ್ಲಿ ಸ್ನ್ಯಾಚ್ ಅಂದರೆ ಬಾರನ್ನು (ಭಾರದ ಪ್ಲೇಟ್ ಹಾಕುವ ಲೋಹದ ಸರಳು) ನೆಲದಿಂದ ಒಂದೇ ಸಲಕ್ಕೆ ತಲೆ ಮೇಲೆ ಎತ್ತುವುದು. ಮೊದಲು ಒಂದು ಕೋಲನ್ನು ಅಗಲವಾಗಿ ಹಿಡಿದು ತಲೆ ಮೇಲೆ ಎತ್ತಿ. ಮೊಣಕೈ ಮಡಚದೆ, ಹಾಗೇ ಪೂರ್ತಿ ಕೆಳಗೆ ಕೂತು ನೋಡಿ. ಹಿಮ್ಮಡಿ ನೆಲ ಬಿಟ್ಟಿತಾ? ಎದೆ ಬಾಗಿ ಕೋಲು ಮುಂದಕ್ಕೆ ಬಂತಾ? ಹಾಗಾದರೆ ನೆಲದಿಂದ ಭಾರ ಎಳೆಯುವ ಅವಸರ ಈಗಲೇ ಬೇಡ. ಸ್ನ್ಯಾಚ್‌ನಲ್ಲಿ ಬಾರನ್ನು ಹಿಡಿದು ನಿಲ್ಲಿಸುವುದು ಇದೇ ಭಂಗಿಯಲ್ಲಿ. ಕೋಲು ಹಿಡಿದೇ ಕೂರಲು ಆಗದಿದ್ದರೆ ಭಾರ ಹೊತ್ತು ಕೂರುವುದು ಹೇಗೆ, ಅಲ್ವಾ?

ಮೊದಲು ಬಿಗಿ ಎಲ್ಲಿದೆ ಅಂತ ಹುಡುಕಿ. ಹಿಮ್ಮಡಿ ಕೆಳಗೆ ಸುಮಾರು 2 ಸೆಂ.ಮೀ. ದಪ್ಪದ ಪ್ಲೇಟ್ ಇಟ್ಟು ಮತ್ತೆ ಕೂತಾಗ ಎದೆ ನೆಟ್ಟಗಾದರೆ, ತೊಂದರೆ ಹೆಚ್ಚಾಗಿ ಪಾದದ ಕೀಲಿನಲ್ಲೇ ಇದೆ. ಇನ್ನೊಂದು ಪರೀಕ್ಷೆಯೂ ಇದೆ. ಕಾಲಿನ ಹೆಬ್ಬೆರಳನ್ನು ಗೋಡೆಯಿಂದ 10 ಸೆಂ.ಮೀ. ದೂರ ಇಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ಆಗಲಿಲ್ಲವಾ? ಮಂಡಿ ತಾಗುವಷ್ಟು ಹತ್ತಿರದಿಂದ ಶುರುಮಾಡಿ ಇದನ್ನೇ ದಿನಾ ಮಾಡಿ, ದೂರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಿ. ಲಿಫ್ಟಿಂಗ್ ಶೂಗೆ ಎತ್ತರದ ಹಿಮ್ಮಡಿ ಇರುವುದೂ ಇದಕ್ಕೇ. ಧಾರಾಳವಾಗಿ ಹಾಕಿಕೊಳ್ಳಿ, ಆದರೆ ಕೀಲಿನ ಕೆಲಸ ಬಿಡಬೇಡಿ.

ಪ್ಲೇಟ್ ಇಟ್ಟರೂ ಕೋಲು ಮುಂದಕ್ಕೇ ಬರುತ್ತಿದ್ದರೆ ಬೆನ್ನಿನ ಮೇಲ್ಭಾಗ ಮತ್ತು ಭುಜ ಬಿಗಿಯಾಗಿರಬಹುದು. ಫೋಮ್ ರೋಲರನ್ನು ಬೆನ್ನಿನ ಮೇಲ್ಭಾಗದ ಕೆಳಗೆ ಅಡ್ಡ ಇಟ್ಟು ನಿಧಾನವಾಗಿ ಹಿಂದಕ್ಕೆ ಬಾಗಿ, ಆಮೇಲೆ ಪುಲ್‌ಅಪ್ ಬಾರ್‌ಗೆ ಜೋತುಬೀಳಿ. ಸುಮ್ನೆ ಸ್ಟ್ರೆಚ್ ಮಾಡಿ ಎದ್ದು ಹೋದರೆ ಮಾತ್ರ ಏನೂ ಉಳಿಯುವುದಿಲ್ಲ. ಮೈ ಸಡಿಲವಾದ ತಕ್ಷಣ ಕೋಲಿನಿಂದ, ಮುಂದೆ ಖಾಲಿ ಬಾರ್‌ನಿಂದ, ಓವರ್‌ಹೆಡ್ ಸ್ಕ್ವಾಟ್ (ತಲೆ ಮೇಲೆ ಎತ್ತಿ ಹಿಡಿದೇ ಪೂರ್ತಿ ಕೂರುವುದು) ಮಾಡಿ, ತಳದಲ್ಲಿ 3ರಿಂದ 5 ಸೆಕೆಂಡ್ ನಿಲ್ಲಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಮೊಬಿಲಿಟಿ ವ್ಯಾಯಾಮ ಇಲ್ಲ.

ಇನ್ನೊಂದು ಲಿಫ್ಟ್ ಕ್ಲೀನ್, ಅಂದರೆ ಬಾರನ್ನು ನೆಲದಿಂದ ಭುಜದ ತನಕ ಎತ್ತುವುದು. ಅದರಲ್ಲಿ ಬಾರ್ ಕೂರಬೇಕಾದ್ದು ಭುಜದ ಮೇಲೆ, ಕೈಯಲ್ಲಿ ಅಲ್ಲ. ಮೊಣಕೈ ಮೇಲೆತ್ತಿ, ಬೆರಳು ಸಡಿಲ ಬಿಡಿ. ಅಲ್ಲೂ ಬಾರನ್ನು ಬಿಗಿಯಾಗಿ ಹಿಡಿದರೆ ಮಣಿಕಟ್ಟು ನೋಯುತ್ತದೆ.

ಇನ್ನು ಎಳೆಯುವುದು. ಹೆಬ್ಬೆರಳನ್ನು ಬಾರ್‌ಗೆ ಸುತ್ತಿ, ಅದರ ಮೇಲೆ ತೋರುಬೆರಳು, ಮಧ್ಯದ ಬೆರಳು ಬರುವ ಹಾಗೆ ಹಿಡಿಯಿರಿ. ಇದೇ ಹುಕ್ ಗ್ರಿಪ್. ಮೊದಮೊದಲು ನೋಯುತ್ತದೆ, ಆಮೇಲೆ ರೂಢಿಯಾಗುತ್ತದೆ. ಸ್ನ್ಯಾಚ್‌ಗೆ ಎಷ್ಟು ಅಗಲ ಹಿಡಿಯಬೇಕು ಅಂದರೆ, ನೆಟ್ಟಗೆ ನಿಂತಾಗ ಬಾರ್ ಸೊಂಟದ ಮಡಿಕೆಗೆ ಬರಬೇಕು. ಕಲಿಯುವುದು ಮೇಲಿನಿಂದ ಕೆಳಕ್ಕೆ: ಮೊದಲು ಸೊಂಟದಿಂದ, ಆಮೇಲೆ ಮಂಡಿಯ ಮೇಲಿಂದ, ಕೊನೆಗೆ ನೆಲದಿಂದ. ಬಾರ್ ಮೈಗೆ ಹತ್ತಿರವೇ ಇರಲಿ. ಕಾಲು, ಸೊಂಟ ಪೂರ್ತಿ ನೆಟ್ಟಗಾಗುವ ತನಕ ಕೈ ಮಡಚಬೇಡಿ, ಯಾಕೆಂದರೆ ಬೇಗ ಮಡಚಿದರೆ ಕಾಲಿನ ಬಲ ಬಾರ್‌ಗೆ ಪೂರ್ತಿ ಸೇರುವುದಿಲ್ಲ. ನೆಲದಿಂದ ಎಳೆಯುವಾಗ ಸೊಂಟ ಮತ್ತು ಭುಜ ಒಟ್ಟಿಗೆ ಏಳಲಿ, ಮಂಡಿ ದಾಟುವ ತನಕ ಅವಸರ ಬೇಡ. ದೊಡ್ಡ ಪ್ಲೇಟ್‌ಗಳ ವ್ಯಾಸ 45 ಸೆಂ.ಮೀ., ಚಿಕ್ಕ ಪ್ಲೇಟ್ ಹಾಕಿದರೆ ಬಾರ್ ತೀರಾ ಕೆಳಗಿರುತ್ತದೆ, ಹಾಗಾಗಿ ಏನಾದರೂ ಗಟ್ಟಿಯಾದದ್ದರ ಮೇಲೆ ಇಟ್ಟು ಎತ್ತರ ಸರಿಮಾಡಿಕೊಳ್ಳಿ.

ಪುರುಷರ ಬಾರ್ 20 ಕೆ.ಜಿ., ಮಹಿಳೆಯರದು 15. ಅದೇ ಜಾಸ್ತಿ ಅನ್ನಿಸಿದರೆ ಇನ್ನೂ ಹಗುರವಾದ ಬಾರ್ ತಗೊಳ್ಳಿ. ಒಂದು ಸೆಟ್‌ಗೆ 2 ಅಥವಾ 3 ಸಲ ಸಾಕು, ಸುಸ್ತಾದ ಮೈ ತಪ್ಪನ್ನೇ ಕಲಿಯುತ್ತದೆ. ಪಕ್ಕದಿಂದ ವಿಡಿಯೋ ಮಾಡಿಕೊಂಡು, ಬಾರ್ ಮೈಯಿಂದ ದೂರ ಹೋಗುತ್ತಿದೆಯಾ ಅಂತ ನೋಡಿ. ಹೋಗುತ್ತಿದ್ದರೆ ಭಾರ ಏರಿಸಬೇಡಿ.