ಲಿನಕ್ಸ್‌ನಲ್ಲಿ ಸೇಜ್‌ಮ್ಯಾತ್: ಕೋಂಡಾ-ಫೋರ್ಜ್ ದಾರಿಯೇ ಸುಲಭ
ಲಿನಕ್ಸ್‌ನಲ್ಲಿ ಸೇಜ್‌ಮ್ಯಾತ್ (ಗಣಿತದ ಮುಕ್ತ ತಂತ್ರಾಂಶ, ಚಿಕ್ಕದಾಗಿ ಸೇಜ್) ಬೇಕಿದ್ದವರು ಸೋರ್ಸ್ ಕೋಡ್ ಕಂಪೈಲ್ ಮಾಡುತ್ತ ಗಂಟೆಗಟ್ಟಲೆ ಕಾಯುವ ಬದಲು, ಮಿನಿಫೋರ್ಜ್ (ಕೋಂಡಾ ಎಂಬ ಪ್ಯಾಕೇಜ್ ನಿರ್ವಾಹಕವನ್ನು ತರುವ ಪುಟ್ಟ ಇನ್‌ಸ್ಟಾಲರ್) ಹಾಕಿಕೊಂಡು, ಸೇಜ್‌ಗೆಂದೇ ಹೊಸದೊಂದು ಎನ್ವಿರಾನ್‌ಮೆಂಟ್ (ಪ್ಯಾಕೇಜುಗಳನ್ನು ಬೇರೆಯಾಗಿಡುವ ಜಾಗ) ತೆರೆದು, ಕೋಂಡಾ-ಫೋರ್ಜ್ ಎಂಬ ಪ್ಯಾಕೇಜ್ ಭಂಡಾರದ (ಚಾನೆಲ್) ‘ಸೇಜ್’ ಪ್ಯಾಕೇಜನ್ನು ಅದರಲ್ಲಿ ಇನ್‌ಸ್ಟಾಲ್ ಮಾಡುವುದು ಒಳಿತು. ಸೇಜ್ ಎಂಬುದು ಪಾರಿ, ಗ್ಯಾಪ್, ಸಿಂಗ್ಯುಲರ್, ಮ್ಯಾಕ್ಸಿಮಾ ಮೊದಲಾದ ಹತ್ತಾರು ತಂತ್ರಾಂಶಗಳ ಕೂಟ; ಇವೆಲ್ಲ ಪರಸ್ಪರ ಹೊಂದುವ ಆವೃತ್ತಿಗಳಲ್ಲಿ, ಮೊದಲೇ ಕಂಪೈಲ್ ಆಗಿ ಅಲ್ಲಿ ದೊರೆಯುವುದರಿಂದ ಡಿಸ್ಟ್ರೊದ (ನಿಮ್ಮ ಲಿನಕ್ಸ್ ವಿತರಣೆಯ) ಲೈಬ್ರರಿಗಳು ಹಳೆಯವಾಗಿದ್ದರೂ ಸಾಮಾನ್ಯವಾಗಿ ತೊಡಕಾಗದು. ಎಲ್ಲವೂ ಹೋಮ್ ಡೈರೆಕ್ಟರಿಯೊಳಗೇ ಇರುವುದರಿಂದ ರೂಟ್ (ಸಿಸ್ಟಂ ನಿರ್ವಾಹಕರ) ಅನುಮತಿಯೂ ಬೇಡ (ಕಾಲೇಜಿನ ಲ್ಯಾಬುಗಳಲ್ಲಿ ಇದೇ ದೊಡ್ಡ ಅನುಕೂಲ). ಆದರೆ ಬೇರೆ ಪ್ಯಾಕೇಜುಗಳು ತುಂಬಿದ ಹಳೆಯ ಎನ್ವಿರಾನ್‌ಮೆಂಟ್‌ಗೇ ಸೇರಿಸಹೊರಟರೆ ಆವೃತ್ತಿಗಳು ಹೊಂದದೆ ಕೆಲಸ ಕೆಡಬಹುದು. ಹೆಚ್ಚುವರಿ ಪ್ಯಾಕೇಜುಗಳನ್ನು ಸೇಜ್‌ನ ಸ್ವಂತ ‘-ಐ’ ಆಯ್ಕೆಯಿಂದ ಇಲ್ಲಿ ಹಾಕಲು ಬರುವುದಿಲ್ಲ. ಅವನ್ನೂ ಕೋಂಡಾದಿಂದಲೇ ತರಬೇಕು. ಡಿಸ್ಕಿನಲ್ಲಿ ಕೆಲವು ಜಿಬಿ ಜಾಗ ಖಾಲಿಯಿರಲಿ.